ಡಿಸ್ಕವರಿಯ ಕೌದಿ

ವರ್ಜೀನಿಯಾದ ಶ್ಯಾಂಟಿಲಿಗೆ ಮನೆ ಬದಲಿಸಿದಾಗ ಊರಿನವರೆದುರು ಹೇಳಿಕೊಳ್ಳಲು ನನಗಿದ್ದ ಹೆಮ್ಮೆಯ ಸಂಗತಿ ಒಂದೇ: ಬಾಹ್ಯಾಕಾಶಕ್ಕೆ ಹೋಗಿ ಬಂದ ಡಿಸ್ಕವರಿ ಎಂಬ ನೌಕೆ ನಮ್ಮ ಮನೆಯ ಹತ್ತಿರವೇ ನಿಂತಿದೆ. ಡಲ್ಲೆಸ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಉಡ್ವಾರ್-ಹೇಜಿ ಕೇಂದ್ರ ಎಂಬ ವಸ್ತುಸಂಗ್ರಹಾಲಯವಿದೆ, ನೌಕೆ ಇರುವುದು ಅಲ್ಲೇ. (ಡಲ್ಲೆಸ್ ಎಂದರೆ ಟೆಕ್ಸಸ್‌ನ ಡಲ್ಲಾಸ್ ಅಲ್ಲ. ಇದನ್ನು ನಮ್ಮ ಸೋದರಮಾವನಿಗೆ ಇನ್ನೂ ಒಪ್ಪಿಸಲಾಗಿಲ್ಲ.) ಪ್ರವೇಶ ಉಚಿತ, ಕಾರು ನಿಲ್ಲಿಸಲು ಮಾತ್ರ 15 ಡಾಲರ್. ಸಂಜೆ ನಾಲ್ಕರ ಮೇಲೆ ಅದೂ ಇಲ್ಲ ಎಂದು ತಿಳಿದ ಮೇಲೆ ನನ್ನ ಭೇಟಿಗಳೆಲ್ಲ ನಾಲ್ಕು ಗಂಟೆ ಐದು ನಿಮಿಷಕ್ಕೇ ಶುರುವಾಗುತ್ತವೆ.

ಮೊದಲ ಸಲ ಹೋದಾಗ ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಡಿಸ್ಕವರಿಯ ಉದ್ದ ಸುಮಾರು 37 ಮೀಟರ್. ಅಷ್ಟನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕೆಂದು ಹಿಂದೆ ಹಿಂದೆ ಸರಿಯುತ್ತ ಹೋಗಿ ಯಾರದೋ ಮಗುವಿನ ತಳ್ಳುಗಾಡಿಗೆ ಡಿಕ್ಕಿ ಹೊಡೆದೆ. ಟ್ರೈಪಾಡ್ ಒಳಗೆ ಬಿಡುವುದಿಲ್ಲ. ಹೊಟ್ಟೆಯ ಭಾಗ ಕಪ್ಪು, ಬೆನ್ನಿನ ಭಾಗ ಬಿಳಿ. ಒಂದಕ್ಕೆ ಬೆಳಕು ಹೊಂದಿಸಿದರೆ ಇನ್ನೊಂದು ಕೆಡುತ್ತದೆ. ಕೊನೆಗೆ ಒಂದು ಚಿತ್ರ ಚೆನ್ನಾಗಿಯೇ ಬಂತು. ಬಾಗಿಲಲ್ಲಿ ಮಾರುವ ಅಂಚೆ ಕಾರ್ಡಿನಲ್ಲಿರುವಂತೆಯೇ ಇತ್ತು, ಅದೇ ಅದರ ದೋಷ. ಧಾರವಾಡಕ್ಕೆ ಕಳುಹಿಸಿದೆ. ಅಪ್ಪ "ದೊಡ್ಡದಿದೆ" ಎಂದರು. ಅವ್ವ ಏನೂ ಹೇಳಲಿಲ್ಲ.

ಎರಡನೆಯ ಸಲ ದೊಡ್ಡ ಮಸೂರವನ್ನು ಮನೆಯಲ್ಲೇ ಬಿಟ್ಟು, ದೂರದ್ದನ್ನು ಹತ್ತಿರ ಎಳೆದುಕೊಳ್ಳುವ ಮಸೂರ ಒಂದನ್ನೇ ಒಯ್ದೆ. ಕಂಬಿಯ ಪಕ್ಕದಲ್ಲಿ ನಿಂತು ನೌಕೆಯ ಮೈಯನ್ನು ಗೇಣುಗೇಣಾಗಿ ನೋಡತೊಡಗಿದೆ. ಆಗ ಗೊತ್ತಾಯಿತು, ಇದು ಹೊಳೆಯುವ ವಸ್ತುವೇ ಅಲ್ಲ. 1984ರಿಂದ 2011ರವರೆಗೆ 39 ಬಾರಿ ಹೋಗಿ ಬಂದ ಮೈ ಅದು. ಎಲ್ಲ ಯಾನಗಳನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಒಂದು ವರ್ಷ, 365 ದಿನ, ಕಕ್ಷೆಯಲ್ಲಿ ಕಳೆದಿದೆ. ಹಬಲ್ ದೂರದರ್ಶಕವನ್ನು ಮೇಲಕ್ಕೆ ಒಯ್ದದ್ದು ಇದೇ. 2006ರ ಡಿಸೆಂಬರ್‌ನಲ್ಲಿ ಸುನೀತಾ ವಿಲಿಯಮ್ಸ್ ಮೊದಲ ಬಾರಿಗೆ ಏರಿದ್ದೂ ಇದನ್ನೇ. 2012ರ ಏಪ್ರಿಲ್‌ನಲ್ಲಿ ಇಲ್ಲಿಗೆ ತಂದಾಗ ಯಾರೂ ಅದಕ್ಕೆ ಸ್ನಾನ ಮಾಡಿಸಲಿಲ್ಲ, ಬಣ್ಣ ಬಳಿಯಲಿಲ್ಲ; ಸುಟ್ಟ ಕಲೆಗಳು, ಕಂದು ಗೀರುಗಳು ಇದ್ದ ಹಾಗೆಯೇ ಇವೆ. ಅದಕ್ಕೂ ಮುಂಚೆ ಇದೇ ಜಾಗದಲ್ಲಿ ನಿಂತಿದ್ದ ಎಂಟರ್‌ಪ್ರೈಸ್ ಎಂಬ ನೌಕೆ ಬಾಹ್ಯಾಕಾಶವನ್ನು ಕಂಡದ್ದೇ ಇಲ್ಲ. ಇಳಿಯುವ ಪರೀಕ್ಷೆಗಾಗಿ ಕಟ್ಟಿದ್ದು. ಈಗ ಅದು ನ್ಯೂಯಾರ್ಕಿನಲ್ಲಿದೆ. ಇಲ್ಲಿಯ ಜನರಿಗೆ ವಿನಿಮಯ ಲಾಭದ್ದೇ ಆಯಿತು ಎನ್ನಬೇಕು.

ನೌಕೆಯ ಮೈಗೆ ಅಂಟಿಸಿದ, ಶಾಖ ತಡೆಯುವ ಕಪ್ಪು ಬಿಲ್ಲೆಗಳು ಸಾವಿರಾರು, ಒಂದು ಇನ್ನೊಂದರ ಅಳತೆಯದ್ದಲ್ಲ. ಒಂದೊಂದರ ಮೇಲೂ ಅದರದೇ ಸಂಖ್ಯೆ, ಹಳೆಯ ಮನೆಯ ತೊಲೆಗಳನ್ನು ಬಿಚ್ಚುವಾಗ ಬಡಗಿ ಗುರುತು ಹಾಕಿದ ಹಾಗೆ. ಬೆನ್ನಿನ ಕಡೆ, ಅಷ್ಟೊಂದು ಬಿಸಿಯಾಗದ ಭಾಗಗಳಲ್ಲಿ, ಬಿಲ್ಲೆಗಳ ಬದಲು ಬಿಳಿಯ ಹೊದಿಕೆಗಳಿವೆ. ಮಸೂರ ತಿರುಗಿಸಿ ಹತ್ತಿರ ಎಳೆದುಕೊಂಡೆ. ಬಟ್ಟೆ! ಅಂಗುಲಕ್ಕೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಹೊಲಿಗೆ ಸಾಲು, ನಡುವೆ ಪುಟ್ಟ ಪುಟ್ಟ ಉಬ್ಬಿದ ಚೌಕಗಳು. ಒಂದು ಅಂಚಿನಲ್ಲಿ ಬಟ್ಟೆ ಕಂದಿ ಹಳದಿಗಟ್ಟಿತ್ತು.

ಆ ಚಿತ್ರ ತಲುಪಿದ ಐದು ನಿಮಿಷಕ್ಕೆ ಅವ್ವನ ಫೋನು ಬಂತು.

"ಇದು ಕೌದಿಯಲ್ಲವೇ? ಯಾರು ಹೊಲಿದದ್ದು?"

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಿ ಓದಿ ಮರುದಿನ ಹೇಳಿದೆ: ಹೊರಗೂ ಒಳಗೂ ಬಟ್ಟೆ, ನಡುವೆ ಸಿಲಿಕಾ ನಾರಿನ ಹತ್ತಿಯಂಥ ಪದರ, ಹೊಲಿಯುವ ದಾರವೂ ಶಾಖ ತಡೆಯುವಂಥದ್ದೇ. ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಈ ಕೆಲಸಕ್ಕೆಂದೇ ಹೊಲಿಗೆಯವರಿದ್ದರು, ಯಂತ್ರದ ಜೊತೆಗೆ ಕೈಹೊಲಿಗೆಯೂ ನಡೆಯುತ್ತಿತ್ತು. ಅವ್ವ ಹಳೆಯ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುವವಳು. ರಾಕೆಟ್ಟಿನ ವಿಷಯದಲ್ಲಿ ಅವಳು ನನ್ನ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು.

ಆಮೇಲೆ ನನ್ನ ಕ್ಯಾಮೆರಾದ ಚಾಳಿಯೇ ಬದಲಾಯಿತು. ಅದೇ ಸಭಾಂಗಣದಲ್ಲಿ ಅಪೊಲೊ 11ರ ಗಗನಯಾತ್ರಿಗಳನ್ನು ಪ್ರತ್ಯೇಕವಾಗಿ ಇಟ್ಟಿದ್ದ ಬೆಳ್ಳಿ ಬಣ್ಣದ ಟ್ರೇಲರ್ ಇದೆ. ಚಂದ್ರನಿಂದ ರೋಗಾಣು ಬಂದೀತೆಂಬ ಭಯಕ್ಕೆ ಮೂವರ ಜೊತೆ ಒಬ್ಬ ವೈದ್ಯನನ್ನೂ ಒಬ್ಬ ಎಂಜಿನಿಯರನ್ನೂ ಒಳಗೆ ಕೂಡಿಹಾಕಿದ್ದರು. ಒಳಗಿನ ಗಾಳಿ ಹೊರಗೆ ಸೋರದಂತೆ ಒತ್ತಡವನ್ನು ಕಡಿಮೆ ಇಟ್ಟಿದ್ದರು. ಅಧ್ಯಕ್ಷ ನಿಕ್ಸನ್ ಹೊರಗೆ ನಿಂತು ಅದರ ಹಿಂದಿನ ಕಿಟಕಿಯಲ್ಲಿ ಮಾತನಾಡಿಸಿ ಹೋದರು. ಜಗತ್ತೇ ಕಾದಿದ್ದವರಿಗೆ ಬಂದ ಮೇಲೆ ಸಿಕ್ಕಿದ್ದು ಒಂದು ಕಿಟಕಿ! ನಾನು ಆ ಕಿಟಕಿಯ ಚಿತ್ರವನ್ನಷ್ಟೇ ತೆಗೆದೆ. ಗಾಜಿನಲ್ಲಿ ನನ್ನದೇ ಮುಖ ಮೂಡಿತು, ಅಳಿಸಲಿಲ್ಲ.

ಬೀದಿಯಲ್ಲೂ ಹಾಗೆಯೇ. ಹಳದಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿ ಪಕ್ಕದಿಂದ ನಿಲ್ಲು ಎಂಬ ಫಲಕ ಚಾಚಿದರೆ, ನಮ್ಮ ಬೀದಿಯಲ್ಲಿ ಎರಡೂ ಕಡೆಯ ಕಾರುಗಳು ನಿಂತುಬಿಡುತ್ತವೆ. ಒಂದು ಹಾರ್ನ್ ಇಲ್ಲ. ಬಸ್ಸಿನ ಬದಲು ಆ ಫಲಕವನ್ನು, ಅದರಾಚೆ ಪುಸ್ತಕದ ಚೀಲಕ್ಕಿಂತ ಚಿಕ್ಕದಾಗಿದ್ದ ಹುಡುಗನನ್ನು ಬೆನ್ನಿನ ಕಡೆಯಿಂದ ತೆಗೆದೆ. ಅಪ್ಪ ನಿವೃತ್ತ ಅಂಚೆ ನೌಕರರು, ಅವರಿಗೆಂದು ಮನೆ ಮುಂದಿನ ಅಂಚೆ ಪೆಟ್ಟಿಗೆಯ ಪುಟ್ಟ ಕೆಂಪು ಬಾವುಟದ ಚಿತ್ರ ಕಳುಹಿಸಿದೆ. ಅದನ್ನು ಎತ್ತಿಟ್ಟರೆ ಒಯ್ಯಬೇಕಾದ ಪತ್ರವಿದೆ ಎಂದರ್ಥ. ಪತ್ರ ಹಾಕಲು ಮನೆಯಿಂದ ಹತ್ತು ಹೆಜ್ಜೆ ನಡೆದರೆ ಸಾಕು. ಜೊತೆಗೆ ಅಂಚೆಯವರ ವಾಹನದ ಒಳಭಾಗ. ದೇಶವೆಲ್ಲ ಎಡಗಡೆ ಕುಳಿತು ಕಾರು ಓಡಿಸಿದರೆ, ಇವರ ಸ್ಟಿಯರಿಂಗ್ ನಮ್ಮೂರಿನಂತೆ ಬಲಗಡೆ. ಇಳಿಯದೆ ಕಿಟಕಿಯಿಂದಲೇ ಪೆಟ್ಟಿಗೆಗೆ ಕೈ ಹಾಕಲು ಅನುಕೂಲ. ಕೇಳಿಯೇ ತೆಗೆದೆ. "ವಾಹನದ್ದು ತೆಗೆದುಕೊಳ್ಳಿ, ನನ್ನದು ಬೇಡ" ಎಂದು ಆತ ಎರಡು ಹೆಜ್ಜೆ ಸರಿದು ನಿಂತ.

ನೌಕೆಗೆ "ದೊಡ್ಡದಿದೆ" ಎಂದಷ್ಟೇ ಹೇಳಿದ್ದ ಅಪ್ಪ ಆ ಸ್ಟಿಯರಿಂಗ್ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ಮಳೆಯಲ್ಲಿ ಬಾವುಟ ತುಕ್ಕು ಹಿಡಿಯುವುದಿಲ್ಲವೇ, ಪತ್ರ ಕದ್ದರೆ ಯಾರು ಹೊಣೆ, ದಿನಕ್ಕೆಷ್ಟು ಮನೆ. ಕೊನೆಗೆ ಅವ್ವ ಫೋನು ಕಸಿದುಕೊಂಡಳು.

"ಆ ಕೌದಿಯ ಮೂಲೆ ಕಾಣಿಸಲಿಲ್ಲ. ದಾರ ಎಲ್ಲಿ ಮುಗಿಸಿ ಗಂಟು ಹಾಕಿದ್ದಾರೆ, ಸರಿಯಾಗಿ ತೆಗೆದು ಕಳುಹಿಸು."

ಅದಾದ ಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ನಾಲ್ಕು ಗಂಟೆ ಐದು ನಿಮಿಷಕ್ಕೆ. ಕಂಬಿಯಿಂದ ಎಷ್ಟು ಬಾಗಿದರೂ ಗಂಟು ಇನ್ನೂ ಸಿಕ್ಕಿಲ್ಲ.