ಒಂದೇ ಕೈಯಲ್ಲಿ ಎತ್ತಿದ ಕ್ಯಾರವಾನ್

ನಮ್ಮ ಡಿಸ್ಪ್ಯಾಚ್ ಶೀಟಿನಲ್ಲಿ ಏನಿಲ್ಲ ಹೇಳಿ. ಪಾಲಿಶ್ ಆಯ್ತಾ, ಇಂಡಿಕೇಟರ್ ಉರಿಯುತ್ತಾ, ಬಾಗಿಲ ಬೀಡಿಂಗ್ ಸರಿ ಕೂತಿದೆಯಾ, ಸ್ಟಿಕ್ಕರ್ ನೆಟ್ಟಗಿದೆಯಾ, ನಾಲ್ಕೂ ಕಡೆಯಿಂದ ಫೋಟೋ ತೆಗೆದಿದ್ದೀರಾ. ಗಾಡಿಯ ತೂಕ ಎಷ್ಟು ಅನ್ನೋ ಕಾಲಂ ಒಂದು ಬಿಟ್ಟು ಎಲ್ಲ ಇತ್ತು. ಹುಬ್ಬಳ್ಳಿಯ ತಾರಿಹಾಳದಲ್ಲಿ ಕ್ಯಾರವಾನ್, ಅಂದರೆ ಬೇರೆ ಗಾಡಿಗೆ ಕಟ್ಟಿ ಎಳೆಯುವ ಚಕ್ರದ ಮನೆ, ಮತ್ತೆ ಫುಡ್ ಟ್ರೇಲರ್ ಮಾಡುವ ಸಣ್ಣ ಯೂನಿಟ್ ನಮ್ಮದು. ಡಿಸ್ಪ್ಯಾಚ್ ನನ್ನ ತಲೆಗೆ ಕಟ್ಟಿದ್ದಾರೆ. ಆ ಶೀಟಿಗೆ ಸಹಿ ಹಾಕುವವನೂ ನಾನೇ.

ಗಿರಾಕಿ ಹೊಸಪೇಟೆಯವರು. ಹಂಪಿ ನೋಡೋಕೆ ಬರುವವರಿಗೆ ಬಾಡಿಗೆಗೆ ಕೊಡಲು ತೋಟದಲ್ಲಿ ಒಂದು ಕ್ಯಾರವಾನ್ ನಿಲ್ಲಿಸಬೇಕು ಅಂತ ಮಾಡಿಸಿದ್ದರು. ಸಿಂಗಲ್ ಆಕ್ಸಲ್, ಅಂದರೆ ಒಂದೇ ಅಚ್ಚು. ಒಳಗೆ ಮಂಚ, ಪುಟ್ಟ ಅಡುಗೆಮನೆ, ಶವರ್. ಖಾಲಿ ಗಾಡಿಯೇ 1700 ಕೆಜಿ. ಎಳೆಯೋಕೆ ನಮ್ಮ ಪಿಕಪ್, ಅದರ ಖಾಲಿ ತೂಕವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮಾಲೀಕರ ಲೆಕ್ಕ ಸೀದಾ. ಒಂದೂವರೆ ಟನ್ ಬೆನ್ನ ಮೇಲೆ ಹೊರುವ ಗಾಡಿಗೆ, ತನ್ನದೇ ಚಕ್ರ ಇರುವ ಎರಡು ಟನ್ ಎಳೆಯೋದು ಯಾವ ದೊಡ್ಡ ಮಾತು? ನನಗೂ ಅದು ಸರಿ ಅನಿಸಿತ್ತು.

ಹೊರಡುವ ಹೊತ್ತಿಗೆ ಮಾಲೀಕರದೇ ಫೋನ್. "ಟ್ಯಾಂಕ್ ಫುಲ್ ಮಾಡ್ಕೊಂಡ್ ಹೋಗ್ರಿ. ಮುಟ್ಟಿದ ಕೂಡ್ಲೆ ಶವರ್ ಬಿಟ್ಟು ತೋರಸ್ಬೇಕು." ಟ್ಯಾಂಕ್ ಇರೋದು ಹಿಂದಿನ ಮಂಚದ ಕೆಳಗೆ, 200 ಲೀಟರ್. ಅಂದರೆ 200 ಕೆಜಿ. ಜನರೇಟರ್ ಹಿಂದಿನ ಬಂಪರ್ ಮೇಲಿನ ಸ್ಟ್ಯಾಂಡಿನಲ್ಲಿ, ಅದೊಂದು 100 ಕೆಜಿ. ಮಡಚುವ ಕುರ್ಚಿ, ಟೇಬಲ್, ಮುಂದೆ ಕಟ್ಟುವ ತಾಡಪತ್ರಿ, ಅದರ ಪೈಪು ಎಲ್ಲವನ್ನೂ ಹುಡುಗರು ಹತ್ತಿರ ಸಿಕ್ಕ ಜಾಗಕ್ಕೆ ತುರುಕಿದರು. ಹತ್ತಿರ ಸಿಕ್ಕ ಜಾಗ ಅಂದರೆ ಹಿಂದೇನೇ.

ಆಮೇಲೆ ಹುಕ್ಕಿಗೆ ಕೂರಿಸಬೇಕಿತ್ತಲ್ಲ, ಮುಂಭಾಗ ಎತ್ತುವ ಜಾಕಿ ವೀಲ್ ತಿರುಗಿಸೋದೂ ಬೇಕಾಗಲಿಲ್ಲ. ಮೂತಿಗೆ, ಅಂದರೆ ಪಿಕಪ್ಪಿನ ಹುಕ್ಕಿಗೆ ಸೇರುವ ಮುಂದಿನ ತುದಿಗೆ, ಕೈ ಹಾಕಿ ಎತ್ತಿದರೆ ಸಲೀಸಾಗಿ ಬಂತು. ಎರಡು ಟನ್ನಿನ ಗಾಡಿ, ಒಂದೇ ಕೈ! ಏನು ಬ್ಯಾಲೆನ್ಸ್ ಮಾಡಿದ್ದೀವಿ ನೋಡಿ ಅಂತ ಹುಡುಗರ ಕೈಯಲ್ಲಿ ವಿಡಿಯೋ ಬೇರೆ ಮಾಡಿಸಿದೆ. ಮಾಲೀಕರು ಅದನ್ನು ಸ್ಟೇಟಸ್‌ಗೆ ಹಾಕಿಕೊಂಡರು. ವೆಲ್ಡರ್ ಕಾಕಾ ಮಾತ್ರ ಗ್ರೈಂಡರ್ ನಿಲ್ಲಿಸಿ ಒಂದು ಸಲ ನೋಡಿದ, ಏನೋ ಹೇಳೋಕೆ ಬಂದ, ಅಷ್ಟರಲ್ಲಿ ನಾವು ಗೇಟು ದಾಟಿದ್ದೆವು.

ಊರು ದಾಟುವ ತನಕ ಪ್ರತಿ ಹಂಪ್‌ನಲ್ಲೂ ಹಿಂದಿನಿಂದ ಟಕ್, ಟಕ್ ಅಂತ ಸದ್ದು. ಡ್ರೈವರ್ ಕನ್ನಡಿ ನೋಡಿ, "ಹುಕ್ಕು ಬಡ್ಯಾಕತ್ತೈತ್ರಿ ಸರ" ಅಂದ. ಹೊಸ ಗಾಡಿ, ಸೆಟ್ ಆಗುತ್ತೆ ಬಿಡು ಅಂದೆ. ಸೆಟ್ ಆಗೋಕೆ ಅದೇನು ಹೊಸ ಚಪ್ಪಲಿನಾ? ಹುಕ್ಕಿನ ಗುಂಡು ಬಾಲ್ ಮೇಲೆ ಕೂತ ಕಪ್ಲರ್, ಅಂದರೆ ಮೂತಿಯ ಬಟ್ಟಲು, ಭಾರದಿಂದ ಅದುಮಿಕೊಂಡಿರಬೇಕು. ಭಾರ ಇಲ್ಲದಿದ್ದರೆ ಪ್ರತಿ ಕುಲುಕಿಗೂ ಮೇಲೆದ್ದು ಬಡಿಯುತ್ತದೆ. ಗಾಡಿ ನಮಗೆ ಬಾಯಿಬಿಟ್ಟು ಹೇಳುತ್ತಿತ್ತು.

ಶೆರೇವಾಡ, ನಲವಡಿ, ಅಣ್ಣಿಗೇರಿ ತನಕ ಅರವತ್ತರ ಸ್ಪೀಡಿನಲ್ಲಿ ಏನೂ ಆಗಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಗದಗಿನ ಕಡೆಗೆ ರಸ್ತೆ ಖಾಲಿ ಇತ್ತು. ಎರಡೂ ಕಡೆ ಬಟಾ ಬಯಲು ಎರೆ ಹೊಲ, ಆಷಾಢದ ಗಾಳಿ. ಒಂದು ಸಣ್ಣ ಇಳಿಜಾರು. ಮುಳ್ಳು ಎಪ್ಪತ್ತೈದರ ಹತ್ತಿರ ಬಂದಿತ್ತು. ಬಲಗಡೆಯಿಂದ ಒಂದು ಸ್ಲೀಪರ್ ಬಸ್ ನಮ್ಮನ್ನು ಹಿಂದಿಕ್ಕಿ ಹೋಯಿತು. ಬಸ್ಸಿನ ಮೂತಿ ಪಕ್ಕಕ್ಕೆ ಬಂದಾಗ ಗಾಳಿ ನಮ್ಮ ಕ್ಯಾರವಾನನ್ನು ಆಚೆ ತಳ್ಳಿತು, ಬಸ್ಸು ದಾಟುತ್ತಿದ್ದ ಹಾಗೆ ಈಚೆ ಎಳೆಯಿತು. ಅಷ್ಟೇ ಸಾಕಾಯಿತು.

ನನ್ನ ಕಡೆಯ ಕನ್ನಡಿಯಲ್ಲಿ ಕ್ಯಾರವಾನಿನ ಕಿಟಕಿ ಕಾಣಿಸಿತು. ಅಲ್ಲಿ ಅದು ಕಾಣಲೇಬಾರದು. ಮಾಯವಾಯಿತು. ಮತ್ತೆ ಬಂತು, ಈ ಸಲ ಕಿಟಕಿಯ ಹಿಂದಿನ ಗ್ಯಾಸ್ ಡಬ್ಬಿಯ ಬಾಗಿಲೂ ಸೇರಿ. ಮತ್ತೆ ಮಾಯ. ಪ್ರತಿ ಸಲವೂ ಮೊದಲಿಗಿಂತ ಜಾಸ್ತಿ. ಪಿಕಪ್ಪಿನ ಹಿಂಭಾಗವನ್ನು ಯಾರೋ ಹಿಡಿದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜಗ್ಗಿದ ಹಾಗೆ. ಎದುರಿಗೆ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. "ಬ್ರೇಕ್ ಹಾಕೋ, ಬ್ರೇಕ್ ಹಾಕೋ!" ಅಂತ ಕಿರುಚಿದೆ. ಗಂಟಲು ನೋಯುವ ಹಾಗೆ ಕಿರುಚಿದೆ.

ಅವನು ಹಾಕಲಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ, ಸ್ಟೇರಿಂಗ್ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಕೂತ. ಸರಿಪಡಿಸೋಕೆ ಆ ಕಡೆ ಈ ಕಡೆ ತಿರುಗಿಸಲೂ ಇಲ್ಲ. ಸುಮ್ನೆ ಹಿಡಿದುಕೊಂಡಿದ್ದ. ಅರವತ್ತೈದಕ್ಕೆ ಇಳಿದಾಗಲೂ ಓಲಾಡುತ್ತಲೇ ಇತ್ತು. ಐವತ್ತೈದಕ್ಕೆ ಬಂದಾಗ ಓಲಾಟ ತನ್ನಷ್ಟಕ್ಕೆ ತಾನೇ ಸತ್ತು ಹೋಯಿತು. ಟ್ರ್ಯಾಕ್ಟರಿನವನು ಮಣ್ಣಿಗೆ ಇಳಿಸಿ ನಿಂತುಬಿಟ್ಟಿದ್ದ. ನಮ್ಮ ಕಡೆ ನೋಡಿ ಏನು ಬೈದನೋ, ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ನನ್ನ ಮಾತು ಕೇಳಿ ಬ್ರೇಕ್ ಒತ್ತಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಅರ್ಥವಾಯಿತು. ನಮ್ಮ ಟ್ರೇಲರ್‌ಗಳಲ್ಲಿರೋದು ಓವರ್‌ರನ್ ಬ್ರೇಕ್. ಮುಂದಿನ ಗಾಡಿ ನಿಧಾನ ಆದಾಗ ಟ್ರೇಲರ್ ಬಂದು ತಳ್ಳಬೇಕು, ಆ ತಳ್ಳುವಿಕೆಯಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ನೆಟ್ಟಗಿದ್ದಾಗ ಸರಿ. ಸೊಟ್ಟ ನಿಂತಿರುವಾಗ ಎರಡು ಟನ್ ಬಂದು ತಳ್ಳಿದರೆ ಖಾಲಿ ಪಿಕಪ್ಪಿನ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ, ಎರಡೂ ಗಾಡಿ ಮಡಚಿಕೊಳ್ಳುತ್ತವೆ. ಟ್ರೇಲರಿನ ಬ್ರೇಕನ್ನಷ್ಟೇ ಕೈಯಲ್ಲಿ ಹಾಕುವ ಎಲೆಕ್ಟ್ರಿಕ್ ಕಂಟ್ರೋಲರ್ ಇದ್ದಿದ್ದರೆ ಅದನ್ನು ಮೆಲ್ಲಗೆ ಹಿಡಿಯಬಹುದಿತ್ತು. ಅದರ ಕೊಟೇಶನ್ ತರಿಸಿ ಟೇಬಲ್ ಮೇಲೆ ಇಟ್ಟಿದ್ದೇನೆ. ಈಗಲೂ ಅಲ್ಲೇ ಇದೆ.

ಗಾಡಿ ಬದಿಗೆ ಹಾಕಿ ಕಾಕಾಗೆ ಫೋನ್ ಮಾಡಿದೆ. ಅವನು ನವಲಗುಂದ ಕಡೆಯವನು, ಒಕ್ಕಲುತನದ ಮನೆ. "ಮುಂಜಾನೇನ ಹೇಳಾಂವ ಇದ್ದೆ ತಮ್ಮಾ. ಹಿಂದ ಹೇರು ಜಾಸ್ತಿ ಆದ್ರ ಚಕ್ಕಡಿ ಮೂಕಿ ಮ್ಯಾಲೆ ಏಳೂದಿಲ್ಲೇನು? ಎತ್ತಿನ ಹೆಗಲ ಮ್ಯಾಲೆ ಭಾರ ಬೀಳಲಿಲ್ಲಂದ್ರ ಬಂಡಿ ಸೀದಾ ಹೊಕ್ಕೈತೇನು?" ಅಷ್ಟು ಹೇಳಿ ಇಟ್ಟ.

ಲೆಕ್ಕ ಹಾಕಿದರೆ ಅದೇ. ನಮ್ಮ ಗಾಡಿಯಲ್ಲಿ ಹುಕ್ಕಿನಿಂದ ಆಕ್ಸಲ್‌ಗೆ ನಾಲ್ಕು ಮೀಟರ್. ಟ್ಯಾಂಕ್ ಆಕ್ಸಲ್‌ಗಿಂತ ಒಂದೂವರೆ ಮೀಟರ್ ಹಿಂದೆ. ಹಾಗಾಗಿ ಆ 200 ಕೆಜಿ ನೀರು ಮೂತಿಯಿಂದ 75 ಕೆಜಿ ಎತ್ತಿಬಿಡುತ್ತದೆ. ಜನರೇಟರ್ ಇನ್ನೂ ಹಿಂದೆ ಇರೋದರಿಂದ ಅದು 100 ಕೆಜಿ ಇದ್ದರೂ 55 ಎತ್ತುತ್ತದೆ. ಕುರ್ಚಿ ಟೇಬಲ್ ಸೇರಿದರೆ ಮೂತಿಯಲ್ಲಿ 40 ಕೆಜಿಯೂ ಉಳಿದಿರಲಿಲ್ಲ. ಇರಬೇಕಾದದ್ದು ಟ್ರೇಲರ್ ತೂಕದ ಶೇಕಡಾ 10ರಿಂದ 15. ನಮ್ಮದಕ್ಕೆ ಕಡಿಮೆ ಅಂದರೂ 200 ಕೆಜಿ. ನಾನು ಒಂದೇ ಕೈಯಲ್ಲಿ ಎತ್ತಿದ್ದು ಆ ಉಳಿದ 40 ಕೆಜಿಯೊಳಗಿನ ಭಾರವನ್ನು.

ರಸ್ತೆ ಬದಿಯಲ್ಲೇ ಟ್ಯಾಂಕಿನ ವಾಲ್ವ್ ಬಿಚ್ಚಿದೆವು. ಜನರೇಟರ್, ಕುರ್ಚಿ, ಪೈಪು ಎಲ್ಲ ಪಿಕಪ್ಪಿಗೆ, ಅದೂ ಕ್ಯಾಬಿನ್ನಿಗೆ ಒತ್ತಿ. ಹಿಂದಿನ ಡಾಲಾ, ಅಂದರೆ ಹಿಂಬಾಗಿಲ ಹತ್ತಿರ ಇಟ್ಟರೆ ಅದು ಬೇರೆ ರಗಳೆ. ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರ ಆಗುತ್ತದೆ, ಸ್ಟೇರಿಂಗ್ ತೇಲುತ್ತದೆ, ರಾತ್ರಿಯಾದರೆ ಹೆಡ್‌ಲೈಟ್ ಮರದ ತುದಿ ತೋರಿಸುತ್ತದೆ. ಮೂತಿಗೆ ಭಾರ ಬೇಕು ಅಂತ ಶೇಕಡಾ 15 ದಾಟಿಸಿದರೂ ಇದೇ ಕಥೆ.

ಗದಗಿನಲ್ಲಿ ವೇ ಬ್ರಿಡ್ಜ್‌ಗೆ ಹೋದೆವು. ಹುಕ್ಕು ಬಿಚ್ಚಿ, ಜಾಕಿ ವೀಲ್ ಸಮೇತ ಕ್ಯಾರವಾನ್ ಪೂರ್ತಿ ಪ್ಲಾಟ್‌ಫಾರಂ ಮೇಲೆ: 1700. ಹುಕ್ಕು ಹಾಕಿ, ಪಿಕಪ್ಪನ್ನು ಹೊರಗಿಟ್ಟು ಕ್ಯಾರವಾನಿನ ಚಕ್ರ ಮಾತ್ರ ಮೇಲೆ: 1510. ನಡುವಿನ 190 ಮೂತಿಯದ್ದು. ಚೀಟಿ ಕೊಡುವ ಹುಡುಗ, "ಒಂದ ಗಾಡಿಗೆ ಎರಡ ಸಲ ಯಾಕ್ರೀ ರೊಕ್ಕ ಕೊಡ್ತೀರಿ?" ಅಂತ ನಕ್ಕ. ಅಲ್ಲಿಂದ ಹೊಸಪೇಟೆ ತನಕ ಅರವತ್ತು ದಾಟಲಿಲ್ಲ. ಬಸ್ಸು, ಲಾರಿ ಎಷ್ಟೋ ದಾಟಿ ಹೋದವು. ಕನ್ನಡಿಯಲ್ಲಿ ಕಿಟಕಿ ಕಾಣಲಿಲ್ಲ. ಗಿರಾಕಿ ತಮ್ಮ ಬೋರ್‌ವೆಲ್ ನೀರನ್ನೇ ಟ್ಯಾಂಕಿಗೆ ತುಂಬಿ ಶವರ್ ನೋಡಿಕೊಂಡರು. ಮಾಲೀಕರ ಪ್ರಶ್ನೆ ಒಂದೇ: ತುಂಬಿದ ನೀರು ಯಾಕೆ ಚೆಲ್ಲಿದಿರಿ?

ಈಗ ಯೂನಿಟ್‌ನಲ್ಲೇ ತೂಗುತ್ತೇವೆ. ಗುಜರಿ ತೂಗುವ ಎಲೆಕ್ಟ್ರಾನಿಕ್ ಕಾಟಾ ಇದೆಯಲ್ಲ, ಅದರ ಮೇಲೆ ಒಂದು ಮರದ ದಿಮ್ಮಿ. ಪಿಕಪ್ಪಿನ ಹುಕ್ಕು ಎಷ್ಟು ಎತ್ತರವೋ ಅಷ್ಟಕ್ಕೇ ಮೂತಿ ಬರುವ ಹಾಗೆ ಕೂರಿಸೋದು, ಚಕ್ರಕ್ಕೆ ಕಲ್ಲು ಕೊಡೋದು, ಓದೋದು. ಟೀ ಬರುವಷ್ಟರಲ್ಲಿ ಮುಗಿಯುತ್ತದೆ. ಸೇಫ್ಟಿ ಚೈನ್ ಎರಡನ್ನೂ ಮೂತಿಯ ಕೆಳಗೆ ಕತ್ತರಿಯ ಹಾಗೆ ಒಂದರ ಮೇಲೊಂದು ಅಡ್ಡ ಹಾಕಿ ಕಟ್ಟೋದು, ಹುಕ್ಕು ಕಳಚಿದರೂ ಮೂತಿ ಚೈನ್ ಮೇಲೆ ಬೀಳಬೇಕು. ತುಂಬಿದ ಟ್ಯಾಂಕ್ ರಸ್ತೆಗಿಳಿಯಲ್ಲ. ಡ್ರಾಯಿಂಗ್‌ನಲ್ಲಿ ಟ್ಯಾಂಕನ್ನು ಆಕ್ಸಲ್ ಮೇಲಕ್ಕೇ ತನ್ನಿ ಅಂತ ಡಿಸೈನ್ ಮಾಡುವವರಿಗೆ ಹೇಳಿದ್ದೇನೆ. ಮಂಚದ ಅಳತೆ ಕೆಡುತ್ತೆ ಅಂತಾರೆ.

ಮೂತಿ ಸರಿ ಇದ್ದರೂ ಒಂದು ಮಾತು ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಕ್ಯಾರವಾನ್ ಎಳೆಯೋಕೆ ಹೊಸಬರಾದವರಿಗೆ, ತುಂಬಿದ ಕ್ಯಾರವಾನ್ ಎಳೆಯುವ ಗಾಡಿಯ ಖಾಲಿ ತೂಕದ ಶೇಕಡಾ 85 ದಾಟದಿರಲಿ ಅನ್ನುತ್ತಾರೆ. ಆ ಲೆಕ್ಕಕ್ಕೆ ನಮ್ಮ ಪಿಕಪ್ಪಿಗೆ 1500 ಕೆಜಿಯೇ ಜಾಸ್ತಿ. ಮುಂದಿನ ಡೆಲಿವರಿ ಗೋಕರ್ಣಕ್ಕೆ, ಅರಬೈಲ್ ಘಾಟ್ ಇಳಿಯಬೇಕು, ಗಾಡಿ ಇದಕ್ಕಿಂತ ದೊಡ್ಡದು. ಟಾಟಾ 407 ಲಾರಿ ಬಾಡಿಗೆಗೆ ತರಿಸಿ ಅಂತ ಮಾಲೀಕರಿಗೆ ಅಂದೆ. ಪಿಕಪ್ ಎಳೀತದಲ್ಲ ಅಂದರು. ಎಳೆಯುತ್ತದೆ, ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುವುದನ್ನು ತಡೆಯಬೇಕಾದ್ದೂ ಅದೇ ಪಿಕಪ್ ಅಂದೆ. ಶೀಟಿಗೆ ನಾನು ಸಹಿ ಹಾಕಿಲ್ಲ. ಡ್ರೈವರ್ ಆ ವಾರಕ್ಕೆ ರಜೆ ಬರೆದು ಕೊಟ್ಟಿದ್ದಾನೆ.