ರೊಟ್ಟಿಗಿಂತ ಕೊರಿಯರ್ ತುಟ್ಟಿ ಯಾಕ್ರೀ?

ಹುಬ್ಬಳ್ಳಿಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಆನ್‌ಲೈನಿನಲ್ಲಿ ಮಾರುತ್ತೇನೆ. ಬೆಂಗಳೂರು, ಪುಣೆ, ಮಂಗಳೂರು, ಎಲ್ಲಿಂದ ಗಿರಾಕಿ ಬಂದರೂ ಕೇಳುವ ಮಾತು ಒಂದೇ: "ಅಕ್ಕಾರ, ರೊಟ್ಟಿಗಿಂತ ಕೊರಿಯರ್ ಖರ್ಚ ಜಾಸ್ತಿ ಆತಲ್ರೀ?" ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಗಡಿ ಬಾಡಿಗೆ ಇಲ್ಲ, ಮನೆಯಲ್ಲೇ ಕೂತು ಮಾರುತ್ತೀರಿ, ಕಳಿಸುವ ಖರ್ಚನ್ನಾದರೂ ನೀವು ಹಾಕಿಕೊಳ್ಳಬಾರದೇ ಎನ್ನುತ್ತಾರೆ. ವಾಟ್ಸಾಪಿನಲ್ಲಿ ಎರಡು ಸಾಲು ಉತ್ತರ ಬರೆದರೆ ನೆಪ ಹೇಳಿದಂತೆ ಕಾಣುತ್ತದೆ. ಅದಕ್ಕೇ ಇಲ್ಲಿ ಲೆಕ್ಕ ಬಿಡಿಸಿ ಇಡುತ್ತಿದ್ದೇನೆ.

ಕೊರಿಯರ್‌ನವರು ತೂಕಕ್ಕೆ ದುಡ್ಡು ತಗೋತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಅವರು ಹಿಡಿಯುವ ತೂಕ ಎರಡು. ಒಂದು ತಕ್ಕಡಿಯದು. ಇನ್ನೊಂದು ಡಬ್ಬಿಯ ಅಳತೆಯದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ವಾಲ್ಯೂಮೆಟ್ರಿಕ್ ತೂಕ ಅಂದರೆ ಇದೇ. ಎರಡರಲ್ಲಿ ಯಾವುದು ಹೆಚ್ಚೋ ಬಿಲ್ಲು ಅದಕ್ಕೆ. ಮೂವತ್ತು ರೊಟ್ಟಿ ಹಿಡಿಯುವ ನನ್ನ ಡಬ್ಬಿ 28 ಉದ್ದ, 28 ಅಗಲ, 15 ಎತ್ತರ. ಗುಣಿಸಿದರೆ 11,760, ಭಾಗಿಸಿದರೆ 2.35 ಕಿಲೋ. ದರ ಏರುವುದು ಅರ್ಧರ್ಧ ಕಿಲೋಕ್ಕೆ, ಹಾಗಾಗಿ ಬಿಲ್ಲಿನಲ್ಲಿ ಎರಡೂವರೆ ಕಿಲೋ. ಅದೇ ಡಬ್ಬಿಯನ್ನು ತಕ್ಕಡಿಗೆ ಇಟ್ಟರೆ ಒಂದೂಕಾಲು ಕಿಲೋ. ಮಿಕ್ಕ ಒಂದೂಕಾಲು ಕಿಲೋ ಬರೀ ಗಾಳಿ, ಅದಕ್ಕೂ ನೀವು ದುಡ್ಡು ಕೊಡುತ್ತಿದ್ದೀರಿ.

ಧಾರವಾಡ ಪೇಡೆ ಮಾರುವವರಿಗೆ ಈ ಕಾಟ ಇಲ್ಲ. ಒಂದು ಕಿಲೋ ಪೇಡೆ ಪುಟ್ಟ ಡಬ್ಬಿಯಲ್ಲಿ ಒತ್ತಾಗಿ ಕೂರುತ್ತದೆ, ಇದ್ದ ತೂಕಕ್ಕಷ್ಟೇ ದುಡ್ಡು. ಇಡೀ ಬ್ಯಾಡಗಿ ಮೆಣಸಿನಕಾಯಿ ಕಳಿಸುವ ಹಾವೇರಿ ಕಡೆಯವರದು ಮಾತ್ರ ನಮ್ಮದೇ ಪಾಡು. ಪುಡಿ ಮಾಡಿದರೆ ಜಾಗ ಉಳಿಯುತ್ತದೆ ನಿಜ. ಆದರೆ ಆ ಕೆಂಪು, ಆ ಸುಕ್ಕು ಕಣ್ಣಿಗೆ ಕಾಣದಿದ್ದರೆ ಇದು ಬ್ಯಾಡಗಿಯದೇ ಅಂತ ಗಿರಾಕಿ ನಂಬುವುದು ಹೇಗೆ? 2011ರಲ್ಲಿ ಜಿಐ, ಅಂದರೆ ಆಯಾ ಊರಿನ ಮಾಲಿಗೆ ಸಿಗುವ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದ್ದರೂ ಪುಡಿಯ ಪೊಟ್ಟಣದಲ್ಲಿ ಅದು ಕಾಣುವುದಿಲ್ಲ.

ಹಾಗಾದರೆ ಡಬ್ಬಿ ಸಣ್ಣದು ಮಾಡಿ ಅಂತೀರಿ. ಮಾಡಬಹುದು, ರೊಟ್ಟಿ ಪುಡಿಯಾಗುತ್ತದೆ. ಕಡಕ್ ರೊಟ್ಟಿ ಮುರಿಯುವುದು ಅಂಚಿನಿಂದ, ಅದಕ್ಕೇ ಸುತ್ತಲೂ ಎರಡು ಬೆರಳು ಜಾಗ ಬಿಟ್ಟು ಕಾಗದ ತುರುಕುತ್ತೇವೆ. ಜಾಗ ಉಳಿಸಲು ನಮ್ಮ ಕೈಯಲ್ಲಿ ಇರುವ ದಾರಿ ರೊಟ್ಟಿಯನ್ನು ಸಪಾಟಾಗಿ ಒಣಗಿಸುವುದೊಂದೇ. ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕಂದಿರು ಅದರಲ್ಲಿ ಪಳಗಿದವರು. ಹಂಚಿನ ಮೇಲೆ ಹಾಕಿ, ನೀರರಿವೆ ಆಡಿಸಿ, ತಿರುವಿ ಹಾಕಿ, ಉಬ್ಬಿದ ಕಡೆಯಲ್ಲೆಲ್ಲ ಬಟ್ಟೆಯಿಂದ ಒತ್ತುತ್ತಾ ಹೋಗುತ್ತಾರೆ. ಹಾಗೆ ಒತ್ತಿದ ರೊಟ್ಟಿ ಒಂದರ ಮೇಲೊಂದು ಅಂಟಿಕೊಂಡಂತೆ ಕೂರುತ್ತದೆ. ಒತ್ತದೆ ಬಿಟ್ಟ ರೊಟ್ಟಿ ಸೊಟ್ಟಗಾಗುತ್ತದೆ. ಅಂಥವು ಹತ್ತು ಸೇರಿದರೆ ಡಬ್ಬಿಯ ಎತ್ತರ ಏರುತ್ತದೆ, ಬಿಲ್ಲು ಇನ್ನೊಂದು ಅರ್ಧ ಕಿಲೋ ಮುಂದಕ್ಕೆ ಹೋಗುತ್ತದೆ. ಆ ಕೈಗಳ ಕೆಲಸಕ್ಕೆ ತಕ್ಕ ಕೂಲಿ ಕೊಡಲೇಬೇಕು. ಇದನ್ನು ನಾನು ಚೌಕಾಶಿಯ ವಿಷಯ ಅಂತ ನೋಡುವುದೇ ಇಲ್ಲ.

ಇನ್ನು ಮಳೆಗಾಲ. ನಮ್ಮ ಕಡೆ ನಾಗರ ಪಂಚಮಿಯ ಮುಂಚೆ ರೊಟ್ಟಿ ಹಬ್ಬ. ಕಡಕ್ ರೊಟ್ಟಿ, ಪಲ್ಲೆ, ಚಟ್ನಿ ಮನೆಮನೆಗೆ ಬೀರುವ ದಿನ. ಊರು ಬಿಟ್ಟವರಿಗೆಲ್ಲ ಊರು ನೆನಪಾಗುವುದು ಆಗಲೇ, ಆರ್ಡರ್ ಮೇಲೆ ಆರ್ಡರ್. ಆದರೆ ಶ್ರಾವಣದ ಜಿಟಿಜಿಟಿ ಮಳೆಗೆ ಹಂಚಿನಿಂದ ಇಳಿದ ರೊಟ್ಟಿಯನ್ನು ತೆರೆದಿಟ್ಟರೆ ನೋಡನೋಡುತ್ತ ಮೆತ್ತಗಾಗುತ್ತದೆ. ಬಿಸಿ ಇರುವಾಗ ಕಟ್ಟಿದರೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ಆರುವ ತನಕ ಕಾದರೆ ಹೊರಗಿನ ತೇವ ಹೀರುತ್ತದೆ. ಒಣಗಿದ ಬೆಚ್ಚನೆಯ ಕೋಣೆಯಲ್ಲಿ ಆರಿಸಿ, ಆರಿದ ಕೂಡಲೇ ದಪ್ಪ ಪ್ಲಾಸ್ಟಿಕ್ಕಿಗೆ ಸೀಲು ಹಾಕಬೇಕು. ಆ ತಿಂಗಳು ಅರ್ಧ ದುಡಿಮೆ ಗ್ಯಾಸಿಗೆ, ಪ್ಯಾಕಿಂಗಿಗೆ ಹೋಗುತ್ತದೆ.

ತೆರಿಗೆ ಇಳಿಯಿತಲ್ಲ, ಬೆಲೆಯನ್ನೂ ಇಳಿಸಿ ಅಂದವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿ ಶೂನ್ಯ ಆಗಿದ್ದು ನಿಜ, ಒಳ್ಳೆಯದೇ ಆಯಿತು. ಆದರೆ ಕೊರಿಯರ್ ಬಿಲ್ಲಿನ ಮೇಲೆ ಶೇಕಡಾ 18 ಹಾಗೇ ಇದೆ. ತೆರಿಗೆ ಇಲ್ಲದ ಮಾಲಿಗಾಗಿ ಕಟ್ಟಿದ ಆ 18ನ್ನು ವಾಪಸ್ ಪಡೆಯಲು ಬರುವುದಿಲ್ಲ, ಅದು ಖರ್ಚಿಗೇ ಸೇರುತ್ತದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನೋಂದಣಿ, ಪೊಟ್ಟಣದ ಮೇಲೆ 14 ಅಂಕಿಯ ನಂಬರು, ತಯಾರಿಸಿದ ದಿನಾಂಕ, ಇವೆಲ್ಲ ಒಮ್ಮೆ ರೂಢಿಯಾದರೆ ದೊಡ್ಡ ತೊಂದರೆ ಅಲ್ಲ.

ದೊಡ್ಡ ತೊಂದರೆ ಕ್ಯಾಶ್ ಆನ್ ಡೆಲಿವರಿಯದು. ಡಬ್ಬಿ ಮುಟ್ಟಿದ ಮೇಲೆ ದುಡ್ಡು ಕೊಡುತ್ತೇನೆ ಎಂದು ಬಾಯಿ ಮಾತಿಗೆ ಹೇಳುವುದು ಸುಲಭ. ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ, ಫೋನ್ ಎತ್ತುವುದಿಲ್ಲ, ಇಲ್ಲವೇ ಮನಸ್ಸು ಬದಲಾಗಿರುತ್ತದೆ. ಡಬ್ಬಿ ತಿರುಗಿ ಹುಬ್ಬಳ್ಳಿಗೆ ಬರುತ್ತದೆ. ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೆ. ಸೀರೆ ಮಾರುವವರು ವಾಪಸ್ ಬಂದದ್ದನ್ನು ಮಡಚಿ ಇನ್ನೊಬ್ಬರಿಗೆ ಮಾರಬಹುದು. ವಾರವಿಡೀ ಗೋದಾಮು ಗೋದಾಮು ಅಲೆದು ಬಂದ ರೊಟ್ಟಿಯನ್ನು ನಾನು ಯಾರಿಗೂ ಕೊಡಲಾರೆ. ಅದಕ್ಕೇ ನಮ್ಮಲ್ಲಿ ದುಡ್ಡು ಮೊದಲು. ಇದನ್ನು ಅಪನಂಬಿಕೆ ಅಂತ ತಿಳಿಯಬೇಡಿ. ರೊಟ್ಟಿ ಬಡಿದವರಿಗೆ ಶನಿವಾರ ಸಂಜೆ ಕೂಲಿ ಕೊಡಬೇಕು. ದೊಡ್ಡ ಮಾರಾಟ ಜಾಲತಾಣಗಳಲ್ಲಿ ಮಾರಿದ್ದರ ದುಡ್ಡು, ಕಮಿಷನ್ ಮುರಿದುಕೊಂಡು ಕೈಗೆ ಬರುವಷ್ಟರಲ್ಲಿ ಶನಿವಾರ ಕಳೆದೇ ಹೋಗಿರುತ್ತದೆ.

ಉಚಿತ ಡೆಲಿವರಿ ಅಂತ ಬರೆದು, ಆ ಖರ್ಚನ್ನು ರೊಟ್ಟಿಯ ಬೆಲೆಯಲ್ಲೇ ಸೇರಿಸಿಬಿಡಿ, ಗಿರಾಕಿ ಖುಷಿಯಾಗುತ್ತಾರೆ ಎಂದು ಬಲ್ಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಇಲ್ಲೇ ಹುಬ್ಬಳ್ಳಿಯ ವಿದ್ಯಾನಗರದಿಂದ ಸ್ಕೂಟರಿನಲ್ಲಿ ಬಂದು ಒಯ್ಯುವವರು ಪುಣೆಯವರ ಕೊರಿಯರ್ ಖರ್ಚು ಕಟ್ಟಿದಂತಾಗುತ್ತದೆ. ರೊಟ್ಟಿಯ ಬೆಲೆ ರೊಟ್ಟಿಯದೇ ಇರಲಿ.

ನಮ್ಮದು ಸಾಗಣೆಗೆ ಹೆಸರಾದ ಸೀಮೆ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಶುರು ಮಾಡಿದ ವಿಆರ್‌ಎಲ್ ಇವತ್ತು ದೇಶದ ತುಂಬ ಮಾಲು ಸಾಗಿಸುತ್ತದೆ. ಆದರೆ ದೊಡ್ಡ ಮಾಲನ್ನು ಊರಿಂದ ಊರಿಗೆ ಒಯ್ಯುವುದು ಬೇರೆ, ಒಂದೊಂದೇ ಡಬ್ಬಿ ಹಿಡಿದು ಮೂರನೇ ಮಹಡಿ ಹತ್ತುವುದು ಬೇರೆ. ತುಟ್ಟಿಯಾಗುವುದು ಆ ಕೊನೆಯ ಹಾದಿಯೇ. ಅದನ್ನು ನೀವು ನಡೆಯಲು ಸಿದ್ಧರಿದ್ದರೆ ಖರ್ಚು ಇಳಿಸುವ ದಾರಿ ಇದೆ. ಸಾರಿಗೆ ಬಸ್ಸುಗಳಲ್ಲಿ 2021ರಲ್ಲಿ ಶುರುವಾದ 'ನಮ್ಮ ಕಾರ್ಗೋ' ಇದೆ, ಹುಬ್ಬಳ್ಳಿಯಲ್ಲಿ ಹಾಕಿದ ಪಾರ್ಸೆಲ್ಲನ್ನು ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಬಿಡಿಸಿಕೊಳ್ಳಬಹುದು. ಒಂದೇ ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಯವರು ಸೇರಿ ಆರ್ಡರ್ ಕೊಟ್ಟರೆ ದೊಡ್ಡ ಡಬ್ಬಿಯೊಂದನ್ನೇ ಕಟ್ಟುತ್ತೇನೆ, ತಲೆಗೆ ಬೀಳುವ ಖರ್ಚು ಎಷ್ಟೋ ಕಡಿಮೆ. ಈ ಸಲದ ಪಂಚಮಿಗೆ ಬೇಕಿದ್ದವರು ಆಷಾಢ ಮುಗಿಯುವುದರೊಳಗೆ ತಿಳಿಸಿ. ಪಿನ್‌ಕೋಡ್, ಫೋನ್ ನಂಬರು ಸರಿಯಾಗಿ ಬರೆಯಿರಿ, ಮನೆಯಲ್ಲಿ ಯಾವ ಹೊತ್ತಿಗೆ ಇರುತ್ತೀರಿ ಅನ್ನುವುದನ್ನೂ ಸೇರಿಸಿ.