ಅಂಬಾಸಿಡರ್ ಮಾರ್ಕ್ 4: ಲೈಟು, ಅರ್ತು, ಡೈನಮೋ – ಕೆಲಸದ ದಾಖಲೆ

ಗಾಡಿ: 1984ರ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಇಂಜಿನ್, 12 ವೋಲ್ಟ್, ಡೈನಮೋ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಮೈನಸ್ ಅರ್ತ್, ಅಂದರೆ ಬ್ಯಾಟರಿಯ ಮೈನಸ್ ಗಾಡಿಯ ಲೋಹದ ಮೈಗೆ ಸೇರಿದೆ. ಮಾರಿಸ್ ಆಕ್ಸ್‌ಫರ್ಡ್ ವಂಶದ ತೀರ ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ತ್ ಇರುವುದುಂಟು. ಹಾಗಾಗಿ ಬ್ಯಾಟರಿಯ ಯಾವ ಕಂಬದ ಕೇಬಲ್ ಗಾಡಿಯ ಮೈಗೆ (ಬಾಡಿ) ಸೇರಿದೆ ಎಂದು ಕಣ್ಣಾರೆ ನೋಡದೆ ಸ್ಪ್ಯಾನರ್ ಹಿಡಿಯಬಾರದು.

ದೂರುಗಳು: ಹೆಡ್‌ಲೈಟ್ ಹರಳೆಣ್ಣೆ ದೀಪದ ಬಣ್ಣಕ್ಕೆ ಇಳಿದಿದೆ. ಪಾರ್ಕ್ ಲೈಟ್ ಹಾಕಿ ಬ್ರೇಕ್ ಒತ್ತಿದರೆ ಎಡ ಹಿಂದೀಪ ಜೋರಾಗುವ ಬದಲು ಆರಿಹೋಗುತ್ತದೆ. ಫ್ಯೂಸ್ ಆಗಾಗ ಹೋಗುತ್ತದೆ, ಅದೂ ಹಳ್ಳಕೊಳ್ಳದ ರಸ್ತೆಯಲ್ಲಿ ಮಾತ್ರ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ವೇಗದಲ್ಲಿ ಓಡುವಾಗಲೂ ಇಗ್ನಿಷನ್‌ನ ಕೆಂಪು ದೀಪ ಮಿಣುಕುತ್ತದೆ.

ಐದು ದೂರಿಗೆ ಐದು ಸಾಮಾನು ತಂದು ಜೋಡಿಸುವುದು ಸುಲಭ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತವೆ. ಆದರೆ ಅಳತೆ ಮಾಡುವ ಮೊದಲು ಏನನ್ನೂ ಕೊಳ್ಳುವುದಿಲ್ಲ ಎಂದು ಇಟ್ಟುಕೊಂಡಿದ್ದರಿಂದ, ಮೊದಲ ದಿನ ಖರ್ಚಾದದ್ದು ಒಂದು ಹಾಳೆ ಮರಳು ಕಾಗದ ಮಾತ್ರ.

ದಿನ 1 – ಹೆಡ್‌ಲೈಟ್ ಅಳತೆ

ಬಲ್ಬಿನ ಸಾಕೆಟ್ ಕಳಚಿ ಮೀಟರ್ ಇಟ್ಟರೆ 12.5 ವೋಲ್ಟ್ ತೋರಿಸುತ್ತದೆ. ಇದನ್ನು ನಂಬಿದವರು ಬಲ್ಬ್ ಬದಲಿಸಿ ಕೈಚೆಲ್ಲುತ್ತಾರೆ. ಹತ್ತು ಎಳೆಗಳ ವೈರಿನಲ್ಲಿ ಒಂಬತ್ತು ಎಳೆ ತುಂಡಾಗಿದ್ದರೂ ಮೀಟರಿಗೆ ಒಂದು ಎಳೆ ಸಾಕು, ಬಲ್ಬಿಗೆ ಸಾಲದು. ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು.

ಇಂಜಿನ್ ನಿಲ್ಲಿಸಿ, ಡಿಮ್ ಹಾಕಿದಾಗ ಬ್ಯಾಟರಿಯಲ್ಲಿ 12.2, ಎಡ ಬಲ್ಬಿನ ಎರಡು ಪಿನ್ ನಡುವೆ 9.8. ನಡುವೆ 2.4 ವೋಲ್ಟ್ ದಾರಿಯಲ್ಲೇ ಕರಗಿದೆ. ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ಐದನೇ ಒಂದು ಭಾಗ ವೋಲ್ಟೇಜ್ ಹೋದರೆ ಬೆಳಕು ಅರ್ಧಕ್ಕಿಂತ ಕೆಳಗೆ.

ಎಲ್ಲಿ ಕರಗಿತು? ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಇನ್ನೊಂದನ್ನು ದಾರಿಯುದ್ದಕ್ಕೂ ಒಂದೊಂದೇ ಹೆಜ್ಜೆ ಮುಂದಿಡುತ್ತ ಹೋದರೆ ಲೆಕ್ಕ ಸಿಗುತ್ತದೆ. ಲೈಟ್ ಸ್ವಿಚ್‌ವರೆಗೆ 0.4, ಸ್ವಿಚ್ಚಿನೊಳಗೆ 0.5, ಕಾಲಿನ ಡಿಪ್ಪರ್ (ಬ್ರೈಟ್-ಡಿಮ್ ಬದಲಿಸುವ) ಸ್ವಿಚ್ಚಿನೊಳಗೆ 0.7, ಅಲ್ಲಿಂದ ಗ್ರಿಲ್ ಹಿಂದಿನ ಬುಲೆಟ್ ಕನೆಕ್ಟರ್ ದಾಟಿ ಬಲ್ಬಿಗೆ 0.4. ಮೈನಸ್ ಕಡೆ, ಬಲ್ಬಿನ ಅರ್ತ್ ಪಿನ್ನಿಂದ ಬ್ಯಾಟರಿ ಮೈನಸ್‌ಗೆ, 0.4. ಒಟ್ಟು 2.4, ಲೆಕ್ಕ ಸರಿಹೋಯಿತು. ಪ್ಲಸ್ ಕಡೆ ಒಟ್ಟು ಅರ್ಧ ವೋಲ್ಟ್, ಅರ್ತ್ ಕಡೆ 0.2 – ಇದಕ್ಕಿಂತ ಹೆಚ್ಚು ಬಿಡಬಾರದು.

ಡಿಪ್ಪರ್ ಸ್ವಿಚ್ ಇರುವುದು ಕ್ಲಚ್ ಪೆಡಲಿನ ಎಡಕ್ಕೆ, ನೆಲದ ಮೇಲೆ. ಎಡಗಾಲಿನ ಚಪ್ಪಲಿಯ ಮಣ್ಣು, ಮ್ಯಾಟ್ ಕೆಳಗೆ ನಿಂತ ಮಳೆನೀರು ಎಲ್ಲಕ್ಕೂ ಅದೇ ತವರು. ಎರಡು ಸ್ಕ್ರೂ ತೆಗೆದು ತಿರುಗಿಸಿ ನೋಡಿದಾಗ ಮೂರು ತುದಿಗಳ ಮೇಲೂ ಪಾಚಿಯಂಥ ಹಸಿರು ಕಿಲುಬು, ನೀಲಿ ವೈರಿನ ಲಗ್ (ತುದಿಯ ಲೋಹದ ಕೊಂಡಿ) ಪಕ್ಕದಲ್ಲಿ ಇನ್ಸುಲೇಷನ್ ಕಾದು ಕಂದಾಗಿ ಗಟ್ಟಿಯಾಗಿತ್ತು. ಇಷ್ಟು ಕಂಡ ಮೇಲೆ 0.7 ಯಾಕೆ ಎಂದು ಕೇಳಬೇಕಾಗಿಲ್ಲ.

ದಿನ 2 – ರಿಲೇ

ಸ್ವಿಚ್‌ಗಳನ್ನು ಉಜ್ಜಿದರೆ ಆರು ತಿಂಗಳು ಬಂದೀತು. ಅವುಗಳ ಮೇಲಿನ ಹೊರೆಯನ್ನೇ ಇಳಿಸುವುದು ಸರಿಯಾದ ದಾರಿ: ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಯಿಸುವ ರಿಲೇ. ಇನ್ನೊಂದು ಕಾರಣವೂ ಇದೆ: ಈ ಗಾಡಿಯ ಹೆಡ್‌ಲೈಟ್ ಸರ್ಕ್ಯೂಟಿಗೆ ಫ್ಯೂಸೇ ಇಲ್ಲ. ಶಾರ್ಟ್ ಆದರೆ ವೈರೇ ಫ್ಯೂಸ್.

ಬೇಕಾದದ್ದು: 4 ಪಿನ್ನಿನ 30 ಆಂಪ್ ರಿಲೇ ಎರಡು, ಹೋಲ್ಡರ್ ಸಮೇತ, 15 ಆಂಪ್ ಬ್ಲೇಡ್ ಫ್ಯೂಸ್ ಎರಡು, 2.5 ಚದರ ಮಿ.ಮೀ. ಆಟೋ ವೈರ್ ಸುಮಾರು 8 ಮೀಟರ್, ರಿಂಗ್ ಲಗ್‌ಗಳು, ಪಿಂಗಾಣಿ ಎಚ್4 (ಹೆಡ್‌ಲೈಟ್ ಬಲ್ಬಿನ) ಸಾಕೆಟ್ ಎರಡು. ಮನೆ ವೈರಿಂಗಿನ ಗಟ್ಟಿ ತಂತಿ ಬೇಡ, ಅಲುಗಾಟಕ್ಕೆ ಮುರಿಯುತ್ತದೆ.

ಹಳೆಯ ನೀಲಿ-ಬಿಳಿ ವೈರ್ (ಬ್ರೈಟ್) ಒಂದು ರಿಲೇಯ 86 ನಂಬರಿನ ಪಿನ್ನಿಗೆ, ನೀಲಿ-ಕೆಂಪು (ಡಿಮ್) ಇನ್ನೊಂದರ 86ಕ್ಕೆ. ಎರಡರ 85 ಅರ್ತ್‌ಗೆ. 30ಕ್ಕೆ ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿನಿಂದ ಫ್ಯೂಸ್ ಮೂಲಕ ನೇರ ಕರೆಂಟ್. ಫ್ಯೂಸ್ ಆ ಬೋಲ್ಟಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. 87ರಿಂದ ಎರಡೂ ಬಲ್ಬುಗಳಿಗೆ. ರಿಲೇ ಕೂರಿಸುವಾಗ ಪಿನ್ನುಗಳು ಕೆಳಮುಖವಾಗಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಹೋಲ್ಡರ್ ಬಾವಿಯಾಗುತ್ತದೆ.

ಅರ್ತ್‌ಗೆ ಹಳೆಯ ದಾರಿ ಬಿಟ್ಟು ಎರಡೂ ಬಲ್ಬುಗಳಿಂದ ಬೇರೆ ವೈರ್ ಎಳೆದು ಒಂದೇ ಬೋಲ್ಟಿಗೆ ತರಲಾಯಿತು. ಬೋಲ್ಟಿನ ಸುತ್ತ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿನಿಂದ ಗ್ರೀಸ್. ಗ್ರೀಸ್ ಹಚ್ಚಿ ಬಿಗಿಯುವುದಲ್ಲ, ಬಿಗಿದು ಹಚ್ಚುವುದು.

ಈಗ ಬ್ಯಾಟರಿ 12.2 ಇದ್ದಾಗ ಬಲ್ಬಿನಲ್ಲಿ 11.9.

ಬಲ್ಬ್ 60/55 ವ್ಯಾಟ್‌ನದೇ. 100/90 ಹಾಕಿ ಎನ್ನುವವರು ಡೈನಮೋ ಲೆಕ್ಕ ಮಾಡಿರುವುದಿಲ್ಲ. ಲೂಕಾಸ್ ಸಿ40 ಡೈನಮೋ ಕೊಡುವುದೇ ಹೆಚ್ಚೆಂದರೆ 22 ಆಂಪ್. ಎರಡು 60 ವ್ಯಾಟ್ ಬಲ್ಬಿಗೆ 10, ಪಾರ್ಕ್ ಮತ್ತು ಮೀಟರ್ ದೀಪಗಳಿಗೆ ಎರಡೂವರೆ, ಇಗ್ನಿಷನ್‌ಗೆ ಮೂರು-ನಾಲ್ಕು: ಹದಿನಾರರ ಆಸುಪಾಸು, ವೈಪರಿಗೂ ಜಾಗ ಉಳಿಯಿತು. 100 ವ್ಯಾಟ್ ಎರಡು ಹಾಕಿದರೆ ಬಲ್ಬಿಗೇ 17. ರಾತ್ರಿ ಪ್ರಯಾಣದಲ್ಲಿ ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು.

ದಿನ 3 – ಹಿಂದೀಪ, ಫ್ಯೂಸ್

ಬ್ರೇಕ್ ಒತ್ತಿದರೆ ದೀಪ ಆರುವುದು ವಿಚಿತ್ರವಾಗಿ ಕಂಡರೂ ಕಾರಣ ಸರಳ. 21/5 ವ್ಯಾಟ್ ಬಲ್ಬಿನ ಎರಡು ತಂತುಗಳಿಗೂ ಅರ್ತ್ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಆ ಅರ್ತ್ ಹೋದಾಗ 5 ವ್ಯಾಟ್ ತಂತುವಿನ ಕರೆಂಟ್ 21 ವ್ಯಾಟ್ ತಂತುವಿನ ಮೂಲಕ ಹಿಮ್ಮುಖವಾಗಿ ನುಗ್ಗಿ, ಬ್ರೇಕ್ ವೈರ್ ಹಿಡಿದು, ಬಲಗಡೆಯ ಬ್ರೇಕ್ ಬಲ್ಬಿನಲ್ಲಿ ಅರ್ತ್ ಸೇರುತ್ತದೆ. ಅದಕ್ಕೇ ಪಾರ್ಕ್ ಲೈಟ್ ಒಂದೇ ಹಾಕಿದಾಗ ಏನೂ ಕೆಟ್ಟಂತೆ ಕಾಣುವುದಿಲ್ಲ. ಬ್ರೇಕ್ ಒತ್ತಿದೊಡನೆ ಎರಡೂ ತುದಿಗೆ 12 ವೋಲ್ಟ್. ಹರಿಯಲು ದಾರಿಯಿಲ್ಲ, ದೀಪ ಆರಿತು.

ಲ್ಯಾಂಪಿನ ತಳ ಬಾಡಿಗೆ ಕೂರುವ ಜಾಗದಲ್ಲಿ ತುಕ್ಕು, ಹೋಲ್ಡರನ್ನು ತಗಡಿಗೆ ಹಿಡಿದ ರಿವೆಟ್ಟಿನಲ್ಲೂ ಕಿಲುಬು. ಬರೀ ಸ್ಕ್ರೂ ಬಿಗಿದರೆ ರಿವೆಟ್ ಹಾಗೇ ಉಳಿಯುತ್ತದೆ. ಹೋಲ್ಡರಿನ ಹಿತ್ತಾಳೆಗೇ 1.5 ಚದರ ಮಿ.ಮೀ. ಕಪ್ಪು ವೈರ್ ಬೆಸುಗೆ ಹಾಕಿ, ಡಿಕ್ಕಿಯ ಒಳಗೋಡೆಗೆ ಲಗ್ ಮಾಡಲಾಯಿತು. ಬಲಗಡೆಗೂ ಅದೇ, ಅದು ಕೆಡುವವರೆಗೆ ಕಾಯಲಿಲ್ಲ.

ಫ್ಯೂಸ್ ಬಾಕ್ಸಿನಲ್ಲಿ ಇರುವುದು ಎರಡೇ: ಎ1–ಎ2 ಹಾರ್ನ್ ಮತ್ತು ಒಳದೀಪಕ್ಕೆ, ಎ3–ಎ4 ಕೀ ಹಾಕಿದ ಮೇಲೆ ಬರುವ ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್, ಪೆಟ್ರೋಲ್ ಗೇಜಿಗೆ. ಎರಡನೆಯದರ ಗಾಜಿನ ಕೊಳವೆಗೆ ಯಾರೋ ತಾಮ್ರದ ತಂತಿ ಸುತ್ತಿದ್ದರು. 35 ಆಂಪ್ ಎಂದು ಬರೆದ ಲೂಕಾಸ್ ಫ್ಯೂಸ್ ಒಂದೇ ಸಮನೆ ಹೊರುವುದು 17 ಆಂಪ್. 35 ಎನ್ನುವುದು ಹಾರಿಹೋಗುವ ಮಟ್ಟ. ಹಾಗಾಗಿ ಈಗಿನ 35 ಆಂಪ್ ಗಾಜಿನ ಫ್ಯೂಸ್ ಅದಕ್ಕೆ ಸಮವಲ್ಲ. 15 ಹಾಕಿದೆ.

ಆಗೊಮ್ಮೆ ಈಗೊಮ್ಮೆ ಬರುವ ಶಾರ್ಟ್ ಹಿಡಿಯಲು ಫ್ಯೂಸ್ ಸುಡುತ್ತ ಕೂರಬೇಕಿಲ್ಲ. ಫ್ಯೂಸ್ ಜಾಗದಲ್ಲಿ 21 ವ್ಯಾಟ್ ಬಲ್ಬ್ ಸೇರಿಸಿದರೆ, ಶಾರ್ಟ್ ಇದ್ದಾಗ ಬಲ್ಬ್ ಪೂರ್ತಿ ಉರಿಯುತ್ತದೆ, ವೈರಿಗೆ ಏನೂ ಆಗುವುದಿಲ್ಲ. ಈ ಸರ್ಕ್ಯೂಟಿನಲ್ಲಿ ಬೇರೆ ಹೊರೆಗಳೂ ಇರುವುದರಿಂದ ಎ4ರಿಂದ ಹೊರಡುವ ಹಸಿರು ವೈರುಗಳನ್ನು ಕಳಚಿ, ಒಂದೊಂದೇ ಸೇರಿಸುತ್ತ ನೋಡಬೇಕು. ಬ್ರೇಕ್ ವೈರ್ ಸೇರಿಸಿ, ಪೆಡಲಿಗೆ ಕಟ್ಟಿಗೆ ಕೊಟ್ಟು ಒತ್ತಿಟ್ಟು, ಹಾರ್ನೆಸ್ಸನ್ನು (ವೈರುಗಳ ಕಟ್ಟು) ಮುಂದಿನಿಂದ ಹಿಂದಕ್ಕೆ ಅಲುಗಾಡಿಸುತ್ತ ಹೋದಾಗ, ಡಿಕ್ಕಿಗೆ ವೈರ್ ನುಗ್ಗುವ ತೂತಿನ ಹತ್ತಿರ ಬಲ್ಬ್ ಝಗ್ಗೆಂದಿತು. ರಬ್ಬರ್ ಗ್ರಾಮೆಟ್ ಬಿಸ್ಕತ್ತಿನಂತೆ ಪುಡಿಯಾಗಿ, ತಗಡಿನ ಅಂಚು ಹಸಿರು-ನೇರಳೆ ವೈರನ್ನು ಕೊಯ್ದಿತ್ತು. ಬೆಸುಗೆ, ಶಾಖಕ್ಕೆ ಕುಗ್ಗುವ ಕೊಳವೆ, ಹೊಸ ಗ್ರಾಮೆಟ್.

ದಿನ 4 – ಬ್ಯಾಟರಿ ಸೋರಿಕೆ

ಬೇಗ ಮುಗಿಯಿತು. ಬ್ಯಾಟರಿ ಮೈನಸ್ ಕೇಬಲ್ ಬಿಚ್ಚಿ, ಕೇಬಲಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪ್ ರೇಂಜಿನಲ್ಲಿ ಇಟ್ಟಾಗ 0.6 ಆಂಪ್. (ಮೀಟರ್ ಹೀಗೆ ಇರುವಾಗ ಸ್ಟಾರ್ಟ್ ಮಾಡಿದರೆ ಮೀಟರ್ ಹೋದಂತೆಯೇ.) ಇಷ್ಟು ಹಳೆಯ ಗಾಡಿ ನಿಂತಾಗ ಸೊನ್ನೆಯ ಹತ್ತಿರ ಇರಬೇಕು, ಟೇಪ್ ಸೆಟ್ಟಿನ ನೆನಪಿಗೆ ಕೆಲವು ಮಿಲಿ ಆಂಪ್ ಮಾಫಿ. 0.6 ಎಂದರೆ ಎರಡು ದಿನಕ್ಕೆ 28 ಆಂಪ್-ಅವರ್‌ಗೂ ಹೆಚ್ಚು. ಸೀಟಿನ ಕೆಳಗಿನ ಆಂಪ್ಲಿಫೈಯರ್ ಮುಟ್ಟಿದರೆ ಬೆಚ್ಚಗಿತ್ತು. ಅದನ್ನು ಎಬ್ಬಿಸುವ ರಿಮೋಟ್ ವೈರನ್ನು ಸೆಟ್ಟಿನಿಂದ ತರುವ ಬದಲು ನೇರ ಕರೆಂಟಿಗೇ ತಿರುಚಿದ್ದರು. ಅದು ಮಲಗಿದ್ದೇ ಇಲ್ಲ. ಸರಿಮಾಡಿದ ಮೇಲೆ 0.01.

ದಿನ 5 – ಕೆಂಪು ದೀಪ

ಡೈನಮೋ ಗಾಡಿಯಲ್ಲಿ ಐಡಲ್‌ನಲ್ಲಿ ಕೆಂಪು ದೀಪ ಮಿಣುಕುವುದು ತಪ್ಪಲ್ಲ. ವೇಗದಲ್ಲೂ ಮಿಣುಕಿದರೆ, ದೀಪದ ಎರಡು ತುದಿ – ಇಗ್ನಿಷನ್ ಸ್ವಿಚ್ ಒಂದು ಕಡೆ, ಡೈನಮೋದ ಡಿ (ಕರೆಂಟ್ ಹೊರಬರುವ ತುದಿ) ಇನ್ನೊಂದು ಕಡೆ – ಸಮ ವೋಲ್ಟೇಜಿಗೆ ಬರುತ್ತಿಲ್ಲ ಎಂದರ್ಥ.

ಮೊದಲು ಡೈನಮೋ. ಡಿ, ಎಫ್ (ಫೀಲ್ಡ್ ಕಾಯಿಲಿನ ತುದಿ) ಎರಡೂ ವೈರ್ ಕಳಚಿ, ಡೈನಮೋದ ಆ ಎರಡು ತುದಿಗಳನ್ನು ತುಂಡು ವೈರಿನಿಂದ ಸೇರಿಸಿ, ಅಲ್ಲಿಂದ ಅರ್ತ್‌ಗೆ ಮೀಟರ್. ಇಂಜಿನ್ ನಿಧಾನ ಏರಿಸಿದಾಗ ವೋಲ್ಟ್ ತಡೆಯಿಲ್ಲದೆ ಏರಬೇಕು, 20 ದಾಟಿಸಬಾರದು. ಏನೂ ಬರದಿದ್ದರೆ ಬ್ರಷ್, ಅರ್ಧದಿಂದ ಒಂದು ವೋಲ್ಟ್ ಬಂದರೆ ಫೀಲ್ಡ್ ಕಾಯಿಲ್, ನಾಲ್ಕೈದಕ್ಕೆ ನಿಂತರೆ ಆರ್ಮೇಚರ್ ನೋಡಬೇಕು. ಇಲ್ಲಿ ಸಲೀಸಾಗಿ ಏರಿತು, ಡೈನಮೋ ಗಟ್ಟಿ. ಹಿಂದಿನ ಬುಷ್ಷಿನ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಮುಂದಕ್ಕೆ.

ವೈರ್ ಮರಳಿ ಸೇರಿಸಿ, ಚಾರ್ಜ್ ಆಗುತ್ತಿರುವಾಗ ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟೌಟ್ ಬಾಕ್ಸಿನ ಡಿ ಮತ್ತು ಎ (ಬ್ಯಾಟರಿ ಕಡೆಯ ತುದಿ) ನಡುವೆ ಅಳೆದರೆ 0.9 ವೋಲ್ಟ್. ಕಟೌಟ್ ಪಾಯಿಂಟ್ ಕಪ್ಪಾಗಿತ್ತು. ಬ್ಯಾಟರಿ ಕಳಚಿಯೇ ಮುಚ್ಚಳ ತೆಗೆಯಬೇಕು. ಬ್ಯಾಟರಿ ಇದ್ದಾಗ ಆ ಪಾಯಿಂಟ್ ಬೆರಳಿನಿಂದ ಒತ್ತಿದರೆ ಬ್ಯಾಟರಿಯ ಕರೆಂಟೆಲ್ಲ ನಿಂತ ಡೈನಮೋಗೆ ನುಗ್ಗುತ್ತದೆ. ನಯವಾದ ಮರಳು ಕಾಗದದ ಪಟ್ಟಿಯನ್ನು ಪಾಯಿಂಟುಗಳ ನಡುವೆ ಎರಡು ಮೂರು ಸಲ ಎಳೆದು, ಸ್ಪಿರಿಟ್ ಬಟ್ಟೆಯಿಂದ ಒರೆಸಲಾಯಿತು. ಸ್ಕ್ರೂಗಳನ್ನು ಮುಟ್ಟಲಿಲ್ಲ; ಸೆಟ್ಟಿಂಗ್ ತಿರುಗಿಸುವ ಚಪಲಕ್ಕೆ ಹಾಳಾದ ಬ್ಯಾಟರಿಗಳು ಸಾಕಷ್ಟಿವೆ. ಈಗ 0.1, ದೀಪ ಪೂರ್ತಿ ಆರುತ್ತದೆ.

ಬಾಕಿ: ಲೈಟ್ ಸ್ವಿಚ್ಚಿನ ಲಗ್‌ಗಳು ಸಡಿಲ, ಬದಲಿಸಬೇಕು. ಬಲ ಇಂಡಿಕೇಟರ್ ಎಡದ್ದಕ್ಕಿಂತ ಬೇಗ ಮಿಟುಕುತ್ತದೆ. ಮುಂದಿನ ಹೋಲ್ಡರಿನಲ್ಲಿ 21ರ ಬದಲು 10 ವ್ಯಾಟ್ ಬಲ್ಬ್ ಇದೆ. ಫ್ಲಾಷರ್ (ಇಂಡಿಕೇಟರ್ ಮಿಟುಕಿಸುವ ಡಬ್ಬಿ) ಕೊಳ್ಳುವ ಮಾತು ಅದನ್ನು ಬದಲಿಸಿ ನೋಡಿದ ಮೇಲೆ.